ಅತ್ತೆಯ 66, ಸೊಸೆಯ 73

ಜೆರುಸಲೇಮಿನಿಂದ ಬಸ್ಸು ಹೊರಟು ಸ್ವಲ್ಪ ಹೊತ್ತಿಗೇ ಕಿವಿ ಗುಂಯ್ ಅಂದಿತು. ಆಗುಂಬೆ ಘಾಟಿ ಇಳಿಯುವಾಗ ಆಗುತ್ತದಲ್ಲ, ಹಾಗೆ. ಆದರೆ ಇಲ್ಲಿ ಮರವಿಲ್ಲ, ಮಂಜಿಲ್ಲ, ಬರೀ ಬೋಳು ಗುಡ್ಡ. ರಸ್ತೆ ಬದಿಯಲ್ಲಿ ‘ಸಮುದ್ರ ಮಟ್ಟ’ ಎಂಬ ಫಲಕ ಬಂತು. ಬಸ್ಸು ಅದನ್ನೂ ದಾಟಿ ಇನ್ನೂ ಕೆಳಗೆ, ನಾನೂರು ಮೀಟರಿನಷ್ಟು ಕೆಳಗೆ ಇಳಿಯಿತು. ಕೊನೆಗೆ ಎಡಗಡೆ ಮೃತ ಸಮುದ್ರ ಕಾಣಿಸಿತು. ಡ್ರೈವರ್ ‘ಕುಮ್ರಾನ್’ ಎಂದು ಕೂಗಿದ. ಇಳಿದವನು ನಾನೊಬ್ಬನೇ.

ನಾನು ಕ್ರೈಸ್ತನಲ್ಲ, ಯೆಹೂದಿಯಂತೂ ಅಲ್ಲವೇ ಅಲ್ಲ. ಈ ಬಿಸಿಲಿಗೆ ಬರಲು ಕಾರಣ ಬೆಂಗಳೂರಿನ ನಮ್ಮ ಮನೆ ಓನರು. ಅವರ ಮನೆಯಲ್ಲಿ ಅತ್ತೆ ಪ್ರೊಟೆಸ್ಟೆಂಟ್, ಸೊಸೆ ಕ್ಯಾಥೊಲಿಕ್. ಟಿವಿ ಪಕ್ಕದಲ್ಲಿ ಎರಡು ಕನ್ನಡ ಬೈಬಲ್. ಅತ್ತೆಯದರಲ್ಲಿ 66 ಪುಸ್ತಕ, ಸೊಸೆಯದರಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರು ಅಂತೆಲ್ಲ ಏಳು ಜಾಸ್ತಿ. ‘ನಿಮ್ಮದರಲ್ಲಿ ಕಿತ್ತು ಹಾಕಿದ್ದಾರೆ’ ಎಂದು ಸೊಸೆ, ‘ನಿಮ್ಮದರಲ್ಲಿ ತುರುಕಿದ್ದಾರೆ’ ಎಂದು ಅತ್ತೆ. ಜಗಳವಲ್ಲ, ಕಾಫಿ ಜೊತೆಗಿನ ಚಕ್ಕುಲಿ ಇದ್ದ ಹಾಗೆ. 2019ರ ಮೇ ತಿಂಗಳಲ್ಲಿ ನಾನು ಹೊರಟಾಗ ಅತ್ತೆ ಕರೆದು ಹೇಳಿದರು: ‘ಅಲ್ಲಿ ಗುಹೇಲಿ ಹಳೇ ಸುರುಳಿ ಸಿಕ್ಕಿವೆಯಂತಲ್ಲ. ಅದರಲ್ಲಿ ತೋಬಿತ ಇದೆಯಾ ನೋಡ್ಕೊಂಡು ಬಾ.’

ಕುಮ್ರಾನಿನಲ್ಲಿ ನೋಡಲು ಮೋಟುಗೋಡೆಗಳು, ನೀರಿನ ತೊಟ್ಟಿಗಳು, ಅಷ್ಟೇ. ಆದರೆ ಅಂಚಿಗೆ ಹೋಗಿ ನಿಂತರೆ ಸುರುಳಿ ಸಿಕ್ಕ ಗುಹೆಗಳಲ್ಲಿ ನಾಲ್ಕನೆಯದು ಕಣಿವೆಯಾಚೆ ಎದುರಿಗೇ ಇದೆ. ಕಲ್ಲೆಸೆದರೆ ತಲುಪುತ್ತೇನೋ ಅನ್ನುವಷ್ಟು ಹತ್ತಿರ.

ಕಲ್ಲಿನಿಂದಲೇ ಈ ಕತೆ ಶುರು. ಮೇಕೆ ಹುಡುಕುತ್ತಾ ಬಂದ ಬೆಡುವಿನ್ (ಮರುಭೂಮಿಯ ಅಲೆಮಾರಿ) ಹುಡುಗನೊಬ್ಬ ಇಲ್ಲಿಂದ ಸ್ವಲ್ಪ ಉತ್ತರದ ಗುಹೆಯೊಂದಕ್ಕೆ ಕಲ್ಲೆಸೆದ, ಒಳಗೆ ಮಡಕೆ ಒಡೆದ ಸದ್ದಾಯಿತು ಅಂತ ಹೇಳುತ್ತಾರೆ. 1947ರ ಸುಮಾರಿನ ಮಾತು. ಒಳಗಿದ್ದ ಚರ್ಮದ ಸುರುಳಿಗಳು ಬೆತ್ಲೆಹೇಮಿನ ಚಪ್ಪಲಿ ಹೊಲಿಯುವವನೊಬ್ಬನ ಅಂಗಡಿ ಸೇರಿದವು. ಮೊದಲ ಏಳು ಸುರುಳಿಗಳಲ್ಲಿ ನಾಲ್ಕು ಕೈ ಬದಲಾಗಿ ಅಮೆರಿಕಕ್ಕೆ ಹೋದವು. 1954ರಲ್ಲಿ ಅವನ್ನು ಮಾರಲು ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ ಒಂದು ಸಣ್ಣ ಜಾಹೀರಾತು ಬಂತು. ಸೈಟು ಮಾರಾಟಕ್ಕಿದೆ ಅನ್ನುವ ಥರ! ಇಸ್ರೇಲಿನ ಪರವಾಗಿ ಎರಡೂವರೆ ಲಕ್ಷ ಡಾಲರ್ ಕೊಟ್ಟು ಕೊಂಡರು.

1956ರ ಹೊತ್ತಿಗೆ ಹನ್ನೊಂದು ಗುಹೆಗಳಲ್ಲಿ ಸುರುಳಿ ಸಿಕ್ಕಿದ್ದವು. ನಾಲ್ಕನೆಯದರಲ್ಲಿ ಸಿಕ್ಕಿದ್ದು ಮಾತ್ರ ಬರೀ ಚೂರು, ಸಾವಿರಾರು ಚೂರು. ಆಗಿನ ಜೋರ್ಡಾನ್ ಸರ್ಕಾರ ಬೆಡುವಿನರಿಗೆ ಚದರ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಅವನ್ನು ಕೊಂಡಿತು. ಆಮೇಲೆ ವಿದ್ವಾಂಸರು ಕೂತು ಚೂರಿಗೆ ಚೂರು ಹೊಂದಿಸಿ ಅಂಟಿಸಿದರು. ಯಾವುದರಿಂದ? ಸೆಲ್ಲೋ ಟೇಪಿನಿಂದ. ಎರಡು ಸಾವಿರ ವರ್ಷ ತಡೆದುಕೊಂಡಿದ್ದ ಚರ್ಮ ಆ ಟೇಪಿನ ಅಂಟಿಗೆ ಕಪ್ಪಾಗತೊಡಗಿತು. ಅದನ್ನು ಬಿಡಿಸುವುದೇ ಮುಂದಿನವರಿಗೆ ದಶಕಗಳ ಕೆಲಸವಾಯಿತು.

ತೋಬಿತ ಸಿಕ್ಕಿದ್ದೂ ಈ ಗುಹೆಯಲ್ಲೇ. ಒಂದಲ್ಲ, ಐದು ಪ್ರತಿಗಳ ಚೂರು: ನಾಲ್ಕು ಅರಮಾಯಿಕ್ ಭಾಷೆಯವು, ಒಂದು ಹೀಬ್ರೂ. ಆದರೆ ಅತ್ತೆ, ಸೊಸೆ ಇಬ್ಬರ ಬೈಬಲಿನಲ್ಲೂ ಇರುವ ಎಸ್ತೇರಳ ಪುಸ್ತಕ ಇದೆಯಲ್ಲ, ಅದರ ಒಂದು ಚೂರೂ ಹನ್ನೊಂದು ಗುಹೆಗಳಲ್ಲಿ ಎಲ್ಲೂ ಸಿಕ್ಕಿಲ್ಲ. ಇದ್ದದ್ದು ಹಾಳಾಯಿತೋ, ಇಟ್ಟುಕೊಂಡೇ ಇರಲಿಲ್ಲವೋ.

ಹೀಗೆ ಯೋಚಿಸುತ್ತಾ ನಿಂತು ಬಸ್ಸು ತಪ್ಪಿಸಿಕೊಂಡೆ. ಒಂದೂವರೆ ಗಂಟೆ ಹೆದ್ದಾರಿ ಪಕ್ಕದಲ್ಲಿ ಕೂರಬೇಕಾಯಿತು. ಬಾಟಲಿಯ ನೀರು ಕಷಾಯದಷ್ಟು ಬಿಸಿಯಾಗಿತ್ತು. ಕೂತಲ್ಲೇ ಒಂದು ವಿಷಯ ಹೊಳೆಯಿತು. ಎರಡು ಸಾವಿರ ವರ್ಷದ ಹಿಂದೆ ಇಲ್ಲಿದ್ದವರ ಹತ್ತಿರ ‘ಬೈಬಲ್’ ಅಂತ ಒಂದು ಪುಸ್ತಕ ಇರಲೇ ಇಲ್ಲ. ಇದ್ದದ್ದು ಬಿಡಿ ಬಿಡಿ ಸುರುಳಿಗಳು. ಯೆಶಾಯ ಒಂದು, ಕೀರ್ತನೆಗಳು ಒಂದು, ತೋಬಿತ ಇನ್ನೊಂದು. ಬೈಂಡ್ ಮಾಡದ ಪುಸ್ತಕಕ್ಕೆ ಪರಿವಿಡಿ ಎಲ್ಲಿಂದ ಬರಬೇಕು? ಒಳಗೋ ಹೊರಗೋ ಅನ್ನುವ ತಕರಾರು ಆಗಲೂ ಇತ್ತು. ಪರಮಗೀತೆ ಪವಿತ್ರ ಹೌದೋ ಅಲ್ಲವೋ ಎಂದು ರಬ್ಬಿಗಳು, ಅಂದರೆ ಯೆಹೂದಿ ಗುರುಗಳು, ಜಗಳವಾಡಿದ್ದು ಅವರ ಹಳೇ ಧರ್ಮಗ್ರಂಥ ಮಿಶ್ನಾದಲ್ಲೇ ಇದೆ. ಆದರೆ ಎಲ್ಲವನ್ನೂ ಎರಡು ರಟ್ಟಿನ ನಡುವೆ ಹೊಲಿಯಲು ಹೊರಟಾಗ ಮಾತ್ರ ಕೊನೆಯ ಹಾಳೆ ಯಾವುದು ಎಂದು ಯಾರಾದರೂ ಹೇಳಲೇಬೇಕಾಗುತ್ತದೆ, ಅಲ್ವಾ?

ಮಾರನೇ ದಿನ ಇಸ್ರೇಲ್ ಮ್ಯೂಸಿಯಮ್ಮಿಗೆ ಹೋದೆ. ಸುರುಳಿಗಳಿಗಾಗಿ ಕಟ್ಟಿದ ಕಟ್ಟಡದ ಬಿಳಿ ಗುಮ್ಮಟ ಆ ಮಡಕೆಗಳ ಮುಚ್ಚಳದ ಆಕಾರದಲ್ಲಿದೆ. ಒಳಗೆ ತಂಪು, ಮಂದ ಬೆಳಕು. ನಡುವೆ ದೊಡ್ಡ ಉರುಳೆಯ ಸುತ್ತ ಯೆಶಾಯನ ಸುರುಳಿ. ಹದಿನೇಳು ಚರ್ಮದ ಹಾಳೆ ಹೊಲಿದು ಮಾಡಿದ್ದು, ಏಳು ಮೀಟರಿಗೂ ಉದ್ದ, ಕ್ರಿಸ್ತಪೂರ್ವ ಎರಡನೇ ಶತಮಾನದ್ದು. ಅಲ್ಲಿ ಸುತ್ತಿಟ್ಟಿರುವುದು ನಕಲು. ಅಸಲಿಗೆ ಬೆಳಕು ಆಗುವುದಿಲ್ಲ.

ನಾನು ಹುಡುಕಿದ್ದು ಒಂದೇ ಜಾಗ, ನಲವತ್ತನೇ ಅಧ್ಯಾಯ. ಆನ್‌ಲೈನಿನಲ್ಲಿ ಮೊದಲೇ ನೋಡಿಟ್ಟುಕೊಂಡಿದ್ದೆ. ‘ಹುಲ್ಲು ಒಣಗುತ್ತದೆ, ಹೂ ಬಾಡುತ್ತದೆ’ ಅನ್ನುವ ಸಾಲು ಅಲ್ಲಿ ಎರಡು ಸಲ ಬರುತ್ತದೆ. ನಕಲು ಮಾಡುತ್ತಿದ್ದವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿರಬೇಕು. ನಡುವಿನ ಮಾತು ಬಿಟ್ಟುಹೋಯಿತು. ಆಮೇಲೆ ಇನ್ಯಾರೋ ಅದನ್ನು ಸಾಲುಗಳ ಸಂದಿಯಲ್ಲಿ ಸಣ್ಣಕ್ಷರದಲ್ಲಿ ಬರೆದು, ಜಾಗ ಸಾಲದೆ ಎಡ ಅಂಚಿನಲ್ಲಿ ಕೆಳಕ್ಕೆ ಇಳಿಸಿದ್ದಾನೆ. ದೇವರ ಹೆಸರು ಬರಬೇಕಾದ ಕಡೆ ಹೆಸರಿಲ್ಲ, ನಾಲ್ಕು ಚುಕ್ಕಿ ಮಾತ್ರ. ನಮ್ಮಜ್ಜಿ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅದು ನೆನಪಾಯಿತು. ನಮ್ಮ ಓಲೆಗರಿ ಬರೆದವರು ಕೊನೆಯಲ್ಲಿ ‘ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನದಲ್ಲ’ ಎಂದು ಶ್ಲೋಕ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಈ ಪುಣ್ಯಾತ್ಮ ಯಾರೋ ತಿದ್ದಿಯೇ ಬಿಟ್ಟಿದ್ದಾನೆ.

ಅದೇ ಕಟ್ಟಡದ ಕೆಳಗಿನ ಅಂತಸ್ತು ಅಲೆಪ್ಪೊ ಕೋಡೆಕ್ಸಿನದು, ಅಂದರೆ ಪುಸ್ತಕದಂತೆ ಹೊಲಿದ ಹಳೇ ಹೀಬ್ರೂ ಬೈಬಲ್ ಹಸ್ತಪ್ರತಿಯದು. ಸುಮಾರು ಕ್ರಿ.ಶ. 930ರಲ್ಲಿ ತಿಬೇರಿಯದಲ್ಲಿ ಬರೆದದ್ದು. ನಡುವೆ ಸಾವಿರ ವರ್ಷವಿದ್ದರೂ ಯೆಶಾಯ ಹೆಚ್ಚೂಕಮ್ಮಿ ಹಾಗೇ ಉಳಿದಿದೆ. ಯೆರೆಮೀಯನ ಕತೆ ಬೇರೆ. ನಾಲ್ಕನೇ ಗುಹೆಯಲ್ಲೇ ಅವನ ಪುಸ್ತಕ ಎರಡು ಥರ ಸಿಕ್ಕಿದೆ, ಒಂದು ಉದ್ದ, ಒಂದು ಗಿಡ್ಡ. ಈಗಿನ ಹೀಬ್ರೂ ಬೈಬಲ್ ಉದ್ದದ್ದನ್ನು ಹಿಡಿದುಕೊಂಡಿತು. ಗ್ರೀಕ್ ಅನುವಾದ ಗಿಡ್ಡದ್ದಕ್ಕೆ ಹತ್ತಿರ. ಎರಡನ್ನೂ ಒಂದೇ ಗುಹೆಯಲ್ಲಿ ಇಟ್ಟುಕೊಂಡಿದ್ದವರಿಗೆ ಅದೇನೂ ತೊಂದರೆ ಅನ್ನಿಸಿದಂತಿಲ್ಲ.

ಬೆತ್ಲೆಹೇಮಿಗೆ ಎಲ್ಲರೂ ಯೇಸು ಹುಟ್ಟಿದ ಜಾಗ ನೋಡಲು ಹೋಗುತ್ತಾರೆ. ನಾನೂ ಸಾಲಿನಲ್ಲಿ ನಿಂತು ನೋಡಿದೆ. ನನಗೆ ಬೇಕಾಗಿದ್ದು ಪಕ್ಕದ ಚರ್ಚಿನ ಕೆಳಗಿನ ಗುಹೆ. ಜೆರೋಮ್ ಕೂತು ಕೆಲಸ ಮಾಡಿದ್ದು ಇಲ್ಲೇ ಅನ್ನುತ್ತಾರೆ. ಆತ 386ರಲ್ಲಿ ಬೆತ್ಲೆಹೇಮಿಗೆ ಬಂದು ನೆಲೆಸಿದ, ಬೈಬಲನ್ನು ಲ್ಯಾಟಿನ್ನಿಗೆ ತಂದ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಅಷ್ಟರಲ್ಲಿ ಹೆಚ್ಚೂಕಮ್ಮಿ ಗಟ್ಟಿಯಾಗಿತ್ತು. 367ರಲ್ಲೇ ಅಲೆಕ್ಸಾಂಡ್ರಿಯದ ಅಥನೇಸಿಯಸ್ ಈಸ್ಟರ್ ಪತ್ರದಲ್ಲಿ ಅದನ್ನು ಬರೆದಿದ್ದ. ತಲೆನೋವು ಇದ್ದದ್ದು ಹಳೇ ಒಡಂಬಡಿಕೆಯದು. ಎಲ್ಲರೂ ಗ್ರೀಕ್‌ನಿಂದ ಓದುತ್ತಿದ್ದಾಗ ಜೆರೋಮ್ ಹೀಬ್ರೂ ಮೂಲವೇ ಸರಿ ಎಂದು ಹಟ ಹಿಡಿದ. ಬೈಬಲಿನ ಪ್ರವಾದಿ ಯೋನನಿಗೆ ನೆರಳು ಕೊಟ್ಟ ಗಿಡವನ್ನು ‘ಸೋರೆ’ ಬಿಟ್ಟು ‘ಐವಿ ಬಳ್ಳಿ’ ಎಂದು ಬದಲಾಯಿಸಿದ್ದಕ್ಕೆ ಈಗಿನ ಲಿಬಿಯಾದ ಟ್ರಿಪೋಲಿಯಲ್ಲಿ ಚರ್ಚಿನೊಳಗೇ ಗಲಾಟೆಯಾಯಿತಂತೆ. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಪತ್ರ ಬರೆದು ದೂರಿದ. ಅದು ಸೋರೆಯೂ ಅಲ್ಲ, ಐವಿಯೂ ಅಲ್ಲ, ನಮ್ಮ ಹರಳು ಗಿಡ ಎಂದು ಈಗ ಹಲವರು ಹೇಳುತ್ತಾರೆ.

ಹೀಬ್ರೂ ಪಟ್ಟಿಯಲ್ಲಿ ಇಲ್ಲದ್ದು ಪ್ರಮಾಣವಲ್ಲ ಅಂದ ಈ ಜೆರೋಮನೇ ತೋಬಿತನನ್ನೂ ಅನುವಾದಿಸಿದ. ಬಿಷಪ್ಪರ ಒತ್ತಾಯಕ್ಕೆ, ಒಂದೇ ದಿನದಲ್ಲಿ! ಹಾಗೆಂದು ತಾನೇ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ. ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ, 1534ರಲ್ಲಿ, ಪ್ರೊಟೆಸ್ಟೆಂಟರ ಮೂಲಪುರುಷ ಲೂಥರ್ ತೋಬಿತನಂಥ ಆ ಜಾಸ್ತಿ ಪುಸ್ತಕಗಳನ್ನು ಓದಲು ಒಳ್ಳೆಯವು ಎಂದು ಹೇಳಿ ಬೇರೆ ವಿಭಾಗಕ್ಕೆ ತಳ್ಳಿದ. 1546ರಲ್ಲಿ ಕ್ಯಾಥೊಲಿಕರು ಟ್ರೆಂಟ್ ಸಭೆಯಲ್ಲಿ ಇಲ್ಲ, ಇವೂ ಬೈಬಲ್ಲೇ ಎಂದು ಠರಾವು ಮಾಡಿದರು. 1826ರಲ್ಲಿ ಲಂಡನ್ನಿನ ಬೈಬಲ್ ಸೊಸೈಟಿ ಅವುಗಳನ್ನು ಹಂಚುವುದಿಲ್ಲ ಎಂದಿತು. ಐದು ವರ್ಷದ ನಂತರ ಬಳ್ಳಾರಿಯ ಮಿಷನರಿಗಳ ಕನ್ನಡ ಬೈಬಲ್ ಪೂರ್ತಿಯಾಯಿತು. ಅತ್ತೆಯ 66ರ ವಂಶಾವಳಿ ಇದು.

ಕೊನೆಯ ದಿನ ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚಿನ ಮಾಡಿನ ಮೇಲೆ ಹತ್ತಿದೆ. ಅಲ್ಲಿ ಇಥಿಯೋಪಿಯಾದ ಸನ್ಯಾಸಿಗಳ ಪುಟ್ಟ ಪುಟ್ಟ ಕೋಣೆಗಳಿವೆ, ಹಳ್ಳಿಯ ಕೇರಿ ಇದ್ದ ಹಾಗೆ. ಗೋಡೆ ನೆರಳಲ್ಲಿ ಒಬ್ಬ ವೃದ್ಧರು ದಪ್ಪ ಪುಸ್ತಕ ಓದುತ್ತಿದ್ದರು. ಒಟ್ಟು ಎಷ್ಟು ಪುಸ್ತಕ ಎಂದು ಸನ್ನೆ ಮಾಡಿ ಕೇಳಿದೆ. ಎಂಟು ಬೆರಳು ತೋರಿಸಿದರು, ಆಮೇಲೆ ಒಂದು. ಎಂಬತ್ತೊಂದು! ಅದರಲ್ಲಿ ಹನೋಕನ ಪುಸ್ತಕವೂ ಸೇರಿದೆ. ಅತ್ತೆ, ಸೊಸೆ ಇಬ್ಬರ ಬೈಬಲಿನಲ್ಲೂ ಅದಿಲ್ಲ. ಆದರೆ ಇಬ್ಬರ ಬೈಬಲಿನಲ್ಲೂ ಇರುವ ಯೂದನ ಪತ್ರ ಹನೋಕನ ಮಾತನ್ನು ಎತ್ತಿ ಹೇಳುತ್ತದೆ. ನಾಲ್ಕನೇ ಗುಹೆಯಲ್ಲೂ ಹನೋಕನ ಚೂರುಗಳು ಸಿಕ್ಕಿವೆ.

ಸಂಜೆ ವಾಟ್ಸಾಪಿನಲ್ಲಿ ಅತ್ತೆಗೆ ಬರೆದೆ: ‘ತೋಬಿತ ಸಿಕ್ಕಿದ್ದಾನೆ, ಐದು ಪ್ರತಿ. ಎಸ್ತೇರ್ ಸಿಕ್ಕಿಲ್ಲ.’

ಟೈಪಿಂಗ್, ಟೈಪಿಂಗ್ ಎಂದು ತುಂಬಾ ಹೊತ್ತು ತೋರಿಸಿತು. ಆಮೇಲೆ ಬಂದದ್ದು ಎರಡೇ ಪದ: ‘ಸರಿಯಾಗಿ ಹುಡುಕಿಲ್ಲ.’