ಗೋಳಗುಮ್ಮಟದ ಚಪ್ಪಾಳೆ ಗ್ರಾಫಿಗೆ ಬಂತು

ವಿಜಯಪುರದ ಗೋಳಗುಮ್ಮಟದಲ್ಲಿ ಪ್ರತಿಧ್ವನಿ ಹೇಗೆ ಕ್ಷೀಣಿಸುತ್ತದೆ ಅಂತ ಅಳೆಯುವ ಕೆಲಸ ಒಂದು ಹಂತಕ್ಕೆ ಬಂದಿದೆ. ಗುಮ್ಮಟದ ಒಳಸುತ್ತಿನಲ್ಲಿರುವ ಪಿಸುಮಾತಿನ ಗ್ಯಾಲರಿಯಲ್ಲಿ ಹೊಡೆದ ಚಪ್ಪಾಳೆಗಳ ರೆಕಾರ್ಡಿಂಗನ್ನು ಲ್ಯಾಪ್‌ಟಾಪಿಗೆ ಹಾಕಿ ಗ್ರಾಫ್ ತೆಗೆದೆ.

ರೆಕಾರ್ಡಿಂಗಿಗೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು. ಶಾಲಾ ಪ್ರವಾಸದ ಬಸ್ಸು ಬಂದರೆ ಮುಗೀತು, ಮೇಲೆ ಬರೀ ಕೂಗು, ಶಿಳ್ಳೆ. ಮೊಬೈಲು ಸಣ್ಣ ಸದ್ದನ್ನು ತಾನಾಗಿಯೇ ಜೋರು ಮಾಡುವ ಸೆಟ್ಟಿಂಗನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ಇಳಿಕೆಯ ಲೆಕ್ಕವೇ ಸುಳ್ಳಾಗುತ್ತದೆ.

ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಎದುರು ಗೋಡೆಗೆ ಹೋಗಿ ಬರಲು 76. ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ಓಡುವುದರಿಂದ 0.22 ಸೆಕೆಂಡಿಗೊಂದು ಪ್ರತಿಧ್ವನಿ ಬರಬೇಕು. ಗ್ರಾಫಿನ ದೊಡ್ಡ ಶಿಖರಗಳು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿವೆ. ನೋಡಿ ಬಹಳ ಖುಷಿಯಾಯಿತು.

ನನಗೆ ಮುಖ್ಯ ಅನಿಸಿದ್ದು ಮುಂದಿನ ಮಾತು. ಸದ್ದು ಗೋಡೆಗೆ ಬಡಿದಾಗಲೆಲ್ಲ, ಉಳಿದಿರುವ ಶಕ್ತಿಯಲ್ಲಿ ಪ್ರತಿ ಸಲ ಅದೇ ಅನುಪಾತದ ಒಂದು ಪಾಲು ಹೋಗುತ್ತದೆ. ಇದೇ ಘಾತೀಯ ಇಳಿಕೆ. ಪ್ರತಿ ಸಲ ಅರ್ಧ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಹತ್ತನೇ ಸಲಕ್ಕೆ ಉಳಿಯುವುದು 1024ರಲ್ಲಿ ಒಂದು ಪಾಲು. ಸಾದಾ ಗ್ರಾಫಿನಲ್ಲಿ ಅದು ಕಾಣುವುದೇ ಇಲ್ಲ. ಆದರೆ ಅಲ್ಲಿ ನಿಂತವರಿಗೆ ಏಳರಿಂದ ಹತ್ತು ಸಲ ಕೇಳುತ್ತದೆ, ಅಲ್ವಾ? ನಮ್ಮ ಕಿವಿ ಸದ್ದನ್ನು ಅಳೆಯುವುದೂ ಸರಿಸುಮಾರು ಲಾಗ್ (ಲಾಗರಿದಮ್) ಲೆಕ್ಕದಲ್ಲೇ, ಅಂದರೆ ಎಷ್ಟು ಕಡಿಮೆಯಾಯಿತು ಅಂತಲ್ಲ, ಎಷ್ಟು ಪಟ್ಟು ಕಡಿಮೆಯಾಯಿತು ಅಂತ. ಲಾಗ್ ತೆಗೆದು ಡೆಸಿಬೆಲ್ ಎಂಬ ಸದ್ದಿನ ಅಳತೆಯಲ್ಲಿ ಹೇಳಿದರೆ, ಒಂದೊಂದು ಸಲ ಅರ್ಧವಾದಾಗ 3 ಡೆಸಿಬೆಲ್ ಇಳಿಕೆ, ಹತ್ತು ಸಲಕ್ಕೆ 30. ಬಾಗಿದ ಗೆರೆ ನೆಟ್ಟಗಾಗುತ್ತದೆ. ಅದರ ಇಳಿಜಾರೇ ಆ ಕಟ್ಟಡದ ಗುಣ.

ನನ್ನ ಗೆರೆ ಕೊನೆಯಲ್ಲಿ ಚಪ್ಪಟೆಯಾಗಿದೆ. ಗಾಳಿ, ಪಾರಿವಾಳ, ಕೆಳಗಿನ ಮಾತುಗಳ ಸದ್ದು ಅದು. ಚಪ್ಪಾಳೆಗೆ ಮೊದಲಿನ ಮೌನದ ಭಾಗದಿಂದ ಆ ಸದ್ದಿನ ಶಕ್ತಿ ಎಷ್ಟು ಅಂತ ತೆಗೆದು, ಅದನ್ನು ಕಳೆದು, ಆಮೇಲೆ ಲಾಗ್ ತೆಗೆಯಬೇಕು. ಈ ಕ್ರಮ ಬಿಡಬಾರದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಾಲೇಸ್ ಸಬೀನ್ 1895ರಲ್ಲಿ ಇಂಥ ಕೆಲಸ ಶುರು ಮಾಡಿದಾಗ ಅವರ ಕೈಯಲ್ಲಿದ್ದದ್ದು ಆರ್ಗನ್ ವಾದ್ಯದ ಕೊಳವೆ, ಗಡಿಯಾರ, ತಮ್ಮ ಕಿವಿ ಅಷ್ಟೇ. ಸದ್ದಿನ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್ ಇಳಿಯಲು ಬೇಕಾದ ಸಮಯವನ್ನು ಇಂದಿಗೂ ಸಭಾಂಗಣ ಕಟ್ಟುವವರು ನೋಡುತ್ತಾರೆ. ಚಪ್ಪಾಳೆಯಿಂದ ಪೂರ್ತಿ 60 ಸಿಗುವುದು ಕಷ್ಟ. 30ರವರೆಗಿನ ನೇರ ಗೆರೆಯನ್ನು ಮುಂದಕ್ಕೆ ಎಳೆದರೆ ಸಾಕು.

ಜನರ ಬಟ್ಟೆ, ಮೈ ಸದ್ದನ್ನು ಹೀರುತ್ತವೆ. ಮುಂದಿನ ಸಲ ಗ್ಯಾಲರಿಯಲ್ಲಿ ಸ್ವಲ್ಪ ಜನ ಇರುವಾಗ ಅಳೆದು, ಇಳಿಜಾರು ಎಷ್ಟು ಜಾಸ್ತಿಯಾಗುತ್ತದೆ ನೋಡುತ್ತೇನೆ. ಅವರು ಅರೆಗಳಿಗೆ ಸುಮ್ನೆ ನಿಲ್ಲಬೇಕಷ್ಟೇ.