ಕೇಳುವ ಕಥೆ ನೋಡುವ ನಾಟಕವಾಗುವಾಗ: ಶರಾವತಿ ಮುಳುಗಡೆಯ ಹಾಡುಗಳ ರಂಗರೂಪ, ಮೊದಲಾರ್ಧದ ವರದಿ

ಶರಾವತಿ ಮುಳುಗಡೆಯ ಕಥೆಯನ್ನು ಹಾಡುಗಳಲ್ಲೇ ಹೇಳುವ ನಮ್ಮ ಆಲ್ಬಮ್‌ಗೆ ರಂಗರೂಪ ಕೊಡುವ ಕೆಲಸ ಈ ಮಳೆಗಾಲದಲ್ಲಿ ಮೊದಲಾರ್ಧದ ಕೊನೆಯವರೆಗೆ ಬಂದಿದೆ. ಸಾಗರ ಮತ್ತು ಸುತ್ತಲಿನ ಹಳ್ಳಿಗಳ ಹವ್ಯಾಸಿಗಳು ಸೇರಿ, ಒಬ್ಬರ ಮನೆಯ ಮಹಡಿಯಲ್ಲಿ ಧ್ವನಿಮುದ್ರಿಸಿದ ಆಲ್ಬಮ್ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಏರಿದಾಗ ಮನೆ, ಗದ್ದೆ, ತೋಟ ಬಿಟ್ಟು ಎದ್ದ ಒಂದು ಕಲ್ಪಿತ ಕುಟುಂಬ ಅದರ ಕೇಂದ್ರ. ಮುದುಕಿಯಾದ ತಾಯಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚಿನಲ್ಲಿ ಕುಳಿತು, ತನ್ನೂರು ಮುಳುಗಿರುವ ನೀರಿನ ಮೇಲೆಯೇ ಸಾಗುತ್ತ ಹಳೆಯದನ್ನು ನೆನೆಯುವ ಕ್ರಮದಲ್ಲಿ ಹಾಡುಗಳು ಒಂದರ ಹಿಂದೊಂದು ಬರುತ್ತವೆ.

ಮೊದಲು ಆಲ್ಬಮ್, ಆಮೇಲೆ ನಾಟಕ ಎಂಬ ದಾರಿ ಹೊಸದೇನಲ್ಲ. ಇಂಗ್ಲೆಂಡಿನ ಸಂಗೀತಗಾರ ಆಂಡ್ರ್ಯೂ ಲಾಯ್ಡ್ ವೆಬರ್ ಮತ್ತು ಗೀತರಚನೆಕಾರ ಟಿಮ್ ರೈಸ್ ಅವರ, ಏಸುಕ್ರಿಸ್ತನ ಕೊನೆಯ ದಿನಗಳ ಕಥೆಯ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ರಂಗಕ್ಕೆ ಹಣ ಹೂಡುವವರು ಸಿಗದ ಕಾರಣ 1970ರಲ್ಲಿ ಎರಡು ಎಲ್‌ಪಿಗಳ ಆಲ್ಬಮ್ ಆಗಿ ಬಂದಿತು. ಅಮೆರಿಕದಲ್ಲಿ ಅದು ಜನಪ್ರಿಯವಾಗಿ, 1971ರಲ್ಲಿ ಮೊದಲು ಸಂಗೀತ ಕಛೇರಿಯ ರೂಪದಲ್ಲಿ ಊರೂರು ಸುತ್ತಿ, ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ನಾಟಕಶಾಲೆಗಳ ಬೀದಿಯಾದ ಬ್ರಾಡ್‌ವೇ ಸೇರಿತು. ಅರ್ಜೆಂಟೀನಾದ ಅಧ್ಯಕ್ಷ ಪೆರೋನ್ ಅವರ ಹೆಂಡತಿ ಈವಾಳ ಕಥೆ ಹೇಳುವ ಅವರದೇ ‘ಎವಿಟಾ’ 1976ರಲ್ಲಿ ಆಲ್ಬಮ್ ಆಗಿ, 1978ರಲ್ಲಿ ಲಂಡನ್ನಿನ ರಂಗದ ಮೇಲೆ ಬಂದಿತು. ಈ ಎರಡರಲ್ಲೂ ಆಲ್ಬಮ್ಮಿಗೂ ರಂಗಕೃತಿಗೂ ನಡುವೆ ಏನೇನು ಬದಲಾಯಿತು ಎಂಬುದನ್ನು ಸಾಲುಸಾಲಾಗಿ ಹೋಲಿಸಿ ನೋಡಿದ್ದು ನಮ್ಮ ಕೆಲಸಕ್ಕೆ ಬಹಳ ಒದಗಿತು.

ಮಲೆನಾಡಿನವರಿಗೆ ಈ ವ್ಯತ್ಯಾಸ ಅರ್ಥವಾಗಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ನಮ್ಮಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತಿನಲ್ಲೇ ಇಡೀ ಪ್ರಸಂಗ ಮುಗಿಯುತ್ತದೆ. ಅದೇ ಪ್ರಸಂಗ ಬಯಲಿನಲ್ಲಿ ಆಟವಾದಾಗ ಪಾತ್ರದ ಪ್ರವೇಶಕ್ಕೊಂದು ಕುಣಿತ ಬೇಕು, ಯುದ್ಧಕ್ಕೆ ಜಾಗ ಬೇಕು, ವೇಷಧಾರಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವು ಬೇಕು. ಪದ್ಯ ಒಂದೇ ಆದರೂ ಅದು ಹೊರುವ ಭಾರ ಬೇರೆಯಾಗುತ್ತದೆ. ನಮ್ಮ ಆಲ್ಬಮ್ಮನ್ನು ನಾನು ತಾಳಮದ್ದಳೆ ಎಂದೇ ತಿಳಿದು, ಆಟಕ್ಕೆ ಬೇಕಾದ್ದೇನು ಎಂದು ಹುಡುಕುತ್ತ ಕೆಲಸ ಮಾಡಿದ್ದೇನೆ.

ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಅಳತೆಯ ಹಾಡು. ಸರ್ವೆಯವರು ಬಂದದ್ದು, ಗದ್ದೆ ಅಳೆದದ್ದು, ತೋಟದ ಮರ ಎಣಿಸಿದ್ದು, ಪರಿಹಾರದ ಮೊತ್ತ ಬರೆದದ್ದು, ಎಲ್ಲವನ್ನೂ ಆಲ್ಬಮ್ಮಿನಲ್ಲಿ ಒಬ್ಬ ನಿರೂಪಕ ಉದ್ದಕ್ಕೂ ಹೇಳುತ್ತಾನೆ. ಕೇಳುವಾಗ ಅದು ಚೆನ್ನಾಗಿಯೇ ಇದೆ. ರಂಗದ ಮೇಲೆ ಮಾತ್ರ ನಿರೂಪಕ ಹಾಡುತ್ತಿದ್ದರೆ ಕುಟುಂಬದವರು ಸುಮ್ಮನೆ ನಿಂತಿರಬೇಕಾಗುತ್ತದೆ; ನಡೆದದ್ದರ ವರದಿ ಬರುತ್ತದೆ, ನಡೆಯುವುದು ಕಾಣುವುದಿಲ್ಲ. ‘ಎವಿಟಾ’ದಲ್ಲೂ ಇದೇ ಪ್ರಶ್ನೆ ಇತ್ತು. ಪೆರೋನ್ ಅಧಿಕಾರಕ್ಕೆ ಏರಿದ ಬಗೆಯನ್ನು ಆಲ್ಬಮ್ಮಿನಲ್ಲಿ ನಿರೂಪಕನಾದ ಚೆ ಎಂಬ ಪಾತ್ರ ಒಂದು ರಾಕ್ ಹಾಡಿನಲ್ಲಿ ಹೇಳುತ್ತದೆ. ನಿರ್ದೇಶಕ ಹೆರಾಲ್ಡ್ ಪ್ರಿನ್ಸ್ ಅವರ ಪ್ರಯೋಗದಲ್ಲಿ ಆ ಹಾಡಿನ ಜಾಗಕ್ಕೆ ಬೇರೊಂದು ಹಾಡು ಬಂದು, ಸೇನಾಧಿಕಾರಿಗಳು ತೂಗುಕುರ್ಚಿಗಳಲ್ಲಿ ಕುರ್ಚಿಯಾಟ ಆಡುತ್ತ ಒಬ್ಬೊಬ್ಬರಾಗಿ ಕಳೆದುಹೋಗಿ ಕೊನೆಗೆ ಪೆರೋನ್ ಉಳಿಯುವಂತೆ ಆಯಿತು. ರಾಜಕೀಯದ ವಿವರಣೆಯೆಲ್ಲ ಒಂದು ಆಟದೊಳಗೆ ಅಡಗಿತು.

ನಾವು ಅಳತೆಯ ಸರಪಳಿಯನ್ನೇ ಹಿಡಿದೆವು. ಉದ್ದದ ಹಗ್ಗಕ್ಕೆ ತಗಡಿನ ಬಿಲ್ಲೆಗಳನ್ನು ಕಟ್ಟಿ, ಇಬ್ಬರು ಅದನ್ನು ರಂಗದ ಅಡ್ಡಕ್ಕೆ ಬಿಗಿಯಾಗಿ ಹಿಡಿಯುತ್ತಾರೆ. ಏಳು ಮಾತ್ರೆಯ ತಾಳದ ಪ್ರತಿ ಆವರ್ತನ ಮುಗಿಯುವಾಗ ಹಗ್ಗವನ್ನು ಒಮ್ಮೆ ಕುಕ್ಕಿದರೆ ಬಿಲ್ಲೆಗಳು ಝಲ್ಲೆನ್ನುತ್ತವೆ, ಇಬ್ಬರೂ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಹಗ್ಗದ ಈಚೆ ಕುಟುಂಬದವರು ನಾಟಿ, ಗೊಬ್ಬರ, ಕೊಟ್ಟಿಗೆ ಎಂದು ತಮ್ಮ ದಿನದ ಕೆಲಸ ಮಾಡುತ್ತಲೇ ಇರುತ್ತಾರೆ, ಅವರಿಗೆ ಉಳಿದ ಜಾಗ ಮಾತ್ರ ಕಿರಿದಾಗುತ್ತ ಬರುತ್ತದೆ. ನಿರೂಪಕನ ಚರಣಗಳೆಲ್ಲ ಹೋದವು. ಪಲ್ಲವಿ ಉಳಿಯಿತು, ಅದರ ನಡುವೆ ಗುಮಾಸ್ತ ಕೂಗುವ ಲೆಕ್ಕ ಉಳಿಯಿತು: ಅಡಿಕೆ ಇಷ್ಟು, ಬಾಳೆ ಇಷ್ಟು, ಹಲಸು ಒಂದು. ಈ ದೃಶ್ಯ ನಮ್ಮ ನಾಟಕದ ಬೆನ್ನೆಲುಬು ಎಂದು ನನಗೆ ದೃಢವಾಗಿ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ಹಾಡು ಕಥೆಯನ್ನು ಹೇಳುತ್ತಿಲ್ಲ, ನಡೆಸುತ್ತಿದೆ.

ಹಳೆಯ ಕಂಪನಿ ನಾಟಕಗಳಲ್ಲಿ ಹಾಡು ಬಂದಾಗ ಕಥೆ ನಿಲ್ಲುತ್ತಿತ್ತು, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಇನ್ನೊಮ್ಮೆ ನಿಲ್ಲುತ್ತಿತ್ತು. ಅದರ ಸೊಗಸೇ ಬೇರೆ, ಆ ರಂಗಗೀತೆಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಮಾತೇ ಇಲ್ಲದ ಈ ಬಗೆಯ ನಾಟಕದಲ್ಲಿ ಹಾಡು ನಿಂತರೆ ಕಥೆಯನ್ನು ಮತ್ತೆ ಎಬ್ಬಿಸಲು ಬೇರೆ ಯಾರೂ ಇಲ್ಲ. ಕನ್ನಡದಲ್ಲಿ ಇದಕ್ಕೆ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ದಂತಹ ಗೀತನಾಟಕ ಮತ್ತು ಅದಕ್ಕೆ ಬಿ.ವಿ. ಕಾರಂತರು ಕೊಟ್ಟ ರಂಗರೂಪದ ಮಾದರಿ ಇರುವುದು ನಮ್ಮ ಭಾಗ್ಯ.

ಎರಡನೆಯ ದೊಡ್ಡ ಬದಲಾವಣೆ ಹೊಸ ಹಾಡಿನ ಸೇರ್ಪಡೆ. ಆಲ್ಬಮ್ಮಿನಲ್ಲಿ ಮುದುಕಿಯ ಮೊದಲ ಹಾಡು ಮುಗಿದ ಮೇಲೆ, ಯೌವನದ ತಾಯಿಯಾಗಿ ಆಕೆಯ ದನಿ ಬಹಳ ಹೊತ್ತು ಕೇಳುವುದಿಲ್ಲ. ಕೇಳುಗರು ಅದನ್ನು ಗಮನಿಸುವುದೂ ಇಲ್ಲ. ರಂಗದ ಮೇಲೆ ಅಷ್ಟು ಹೊತ್ತು ಬಾಯಿ ತೆರೆಯದ ನಟಿಯ ಪಾತ್ರ ತೆಳುವಾಗುತ್ತದೆ. ‘ಸೂಪರ್‌ಸ್ಟಾರ್’ ಬ್ರಾಡ್‌ವೇಗೆ ಬಂದಾಗ ಕ್ರಿಸ್ತನ ಜೊತೆಗಾರರಾದ ಮೇರಿ ಮತ್ತು ಪೀಟರ್ ಪಾತ್ರಗಳಿಗಾಗಿ ಆಲ್ಬಮ್ಮಿನಲ್ಲಿ ಇಲ್ಲದ ಹಾಡೊಂದನ್ನು ದ್ವಿತೀಯಾರ್ಧದಲ್ಲಿ ಸೇರಿಸಿದರು. ನಾವು ತಾಯಿಗೆ ಅಡಿಕೆ ಸುಲಿಯುವ ರಾತ್ರಿಯ ಹಾಡು ಬರೆದಿದ್ದೇವೆ. ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾರೆ, ಸಿಪ್ಪೆ ಸೀಳುವ ಸದ್ದು ಮತ್ತು ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು ಇವೆರಡೇ ತಾಳ. ತಂಡದಲ್ಲಿ ಸುಲಿದು ಅಭ್ಯಾಸವಿರುವ ಅಮ್ಮಂದಿರು ಇರುವುದರಿಂದ ಲಯ ತಾನಾಗಿಯೇ ಕೂಡಿಬಂದಿತು; ಅವರ ಕೈ ವೇಗಕ್ಕೆ ಹಾಡಿನ ನಡೆಯನ್ನು ಹೊಂದಿಸಿಕೊಂಡೆವು. ಮುಂದಿನ ವರ್ಷ ಈ ತೋಟದ ಅಡಿಕೆಗೊನೆ ಕೊಯ್ಯಲು ನಾವಿರುವುದಿಲ್ಲ ಎಂಬ ಸುದ್ದಿ ಬರುವುದು ಈ ಹಾಡಿನ ನಡುವೆ.

ವಾದ್ಯದ ವಿಷಯದಲ್ಲಿ ತೀರ್ಮಾನ ಬೇಗ ಆಯಿತು: ಆಲ್ಬಮ್ಮಿನ ಟ್ರ್ಯಾಕ್ ಹಾಕಿ ಅದರ ಮೇಲೆ ಹಾಡುವುದಿಲ್ಲ. ಹಾರ್ಮೋನಿಯಂ, ಕೊಳಲು, ಮದ್ದಳೆ, ಒಂದು ಗಿಟಾರ್ ರಂಗದ ಬದಿಯಲ್ಲೇ ಇರುತ್ತವೆ. ಆಲ್ಬಮ್ಮಿನ ಆರಂಭದಲ್ಲಿ ಕೇಳುವ ಲಾಂಚಿನ ಎಂಜಿನ್ನಿನ ಸದ್ದನ್ನು ಗಂಡಸರ ಗುಂಪು ಮಂದ್ರದ ಗುನುಗಿನಲ್ಲಿ ತರುತ್ತದೆ. ಲಾಂಚು ದಾಟಿಸುತ್ತಿದ್ದ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದಿರುವುದರಿಂದ ಹೊಸ ತಲೆಮಾರಿನ ಪ್ರೇಕ್ಷಕರಿಗೆ ಆ ಲಾಂಚಿನ ಪ್ರಯಾಣ ಎಷ್ಟು ನಿಧಾನದ್ದಾಗಿತ್ತು ಎಂಬುದು ಹಾಡಿನ ನಡೆಯಿಂದಲೇ ತಿಳಿಯಬೇಕು. ಹಾಗಾಗಿ ಅದನ್ನು ವಿಳಂಬದಲ್ಲೇ ಉಳಿಸಿದ್ದೇವೆ.

ದ್ವಿತೀಯಾರ್ಧದಲ್ಲಿ ನೀರು ಏರುವ ಹಾಡು ಕಾದಿದೆ. ಜಲಾಶಯದ ಪೂರ್ಣಮಟ್ಟವಾದ 1819 ಅಡಿಯತ್ತ ಅಂಕಿಗಳನ್ನು ಏರಿಸುತ್ತ ಹಾಡುವ ಗುಂಪಿನವರೆಲ್ಲ ಸೇರಿ ಹಾಡುವ ಭಾಗವದು. ಆಲ್ಬಮ್ಮಿನಲ್ಲಿ ಶ್ರುತಿಯನ್ನೂ ಅಂಕಿಯ ಜೊತೆ ಏರಿಸಿದ್ದೆವು, ಆದರೆ ಕೊನೆಯ ಏರಿಕೆಯನ್ನು ಸಾಮಾನು ಹೊತ್ತು ನಡೆಯುತ್ತ ಹಾಡಲು ಕಂಠಗಳಿಗೆ ಆಗುತ್ತಿಲ್ಲ. ಇಡೀ ಹಾಡಿನ ಶ್ರುತಿಯನ್ನು ಹಾರ್ಮೋನಿಯಂನ ಎರಡು ಮನೆ ಕೆಳಗಿಳಿಸುವುದೋ, ಸಾಮಾನು ಹೊರುವವರನ್ನೂ ಹಾಡುವವರನ್ನೂ ಬೇರೆ ಮಾಡುವುದೋ ಎಂಬುದನ್ನು ಮುಂದಿನ ತಾಲೀಮಿನಲ್ಲಿ ನೋಡಬೇಕು. ಅದು ತೀರಿದ ಮೇಲೆ ರಂಗಸಜ್ಜಿಕೆ, ವೇಷಭೂಷಣ ಯಾವುದೂ ಇಲ್ಲದೆ ಇಡೀ ಕೃತಿಯನ್ನು ಊರಿನವರ ಮುಂದೆ ಒಮ್ಮೆ ಕುಳಿತು ಹಾಡಿ, ಕಥೆ ಎಲ್ಲೆಲ್ಲಿ ತಿಳಿಯಲಿಲ್ಲವೆಂದು ಕೇಳಿ ಬರೆದುಕೊಳ್ಳುತ್ತೇವೆ.