ನೋಟಿಸ್ ಬೋರ್ಡಿನಲ್ಲಿ ನವೆಂಬರ್

ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಗ್ರಂಥಾಲಯ ಸಪ್ತಾಹದ ಪಟ್ಟಿ ಅಂಟಿಸಿದ್ದಾರೆ, ನವೆಂಬರ್ 14ರಿಂದ 20. ಮಕ್ಕಳಿಗೆ ಚಿತ್ರಸ್ಪರ್ಧೆ, ಪುಸ್ತಕ ಪ್ರದರ್ಶನ, ಎಂದಿನಂತೆ ಒಂದೆರಡು ಭಾಷಣ (ಮೈಕ್ ಸಿಕ್ಕವರು ಬಿಡೋದಿಲ್ಲ, ಗೊತ್ತಲ್ಲ). ನನ್ನ ಕಣ್ಣು ನಿಂತಿದ್ದು ಕಥೆಯ ಸಂಜೆಯ ಮೇಲೆ. ಹೇಳುವವರು ನಮ್ಮ ಬೀದಿಯ ಅಜ್ಜ-ಅಜ್ಜಿಯರೇ. ಬೆಳಿಗ್ಗೆ ಪೇಪರ್ ಓದೋಕೆ ಬಂದು ಫ್ಯಾನ್ ಕೆಳಗಿನ ಕುರ್ಚಿಗಾಗಿ ಮುನಿಸಿಕೊಳ್ಳೋ ಹಿರಿಯರು ಮಕ್ಕಳ ಮುಂದೆ ಕೂತು ರಾಕ್ಷಸನ ದನಿ ತೆಗೆಯೋದನ್ನ ನೋಡಲೇಬೇಕು.

ಅಂದಹಾಗೆ, ಆಸ್ತಿ ತೆರಿಗೆ ರಸೀದಿಯನ್ನು ಗಮನಿಸಿದ್ದೀರಾ? 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ತೆರಿಗೆಯ ಪ್ರತಿ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ತೀವಿ. ಕಟ್ಟಿಯೂ ಒಳಗೆ ಕಾಲಿಡದವರೇ ಜಾಸ್ತಿ.

ಕಥೆ ಹೇಳೋಕೆ ಇನ್ನೂ ಜನ ಬೇಕಂತೆ. ಕೌಂಟರಿನಲ್ಲಿ ಹೆಸರು ಬರೆಸಿ.